ಒಬ್ಬರು ಕೂರಲು ನಾಲ್ವರು ಏಳಬೇಕಾದ ಲೆಕ್ಕ: ಪುಟ್ಟ ಮಕ್ಕಳಿಗೆ ಬ್ಲ್ಯಾಕ್ ಹಿಸ್ಟರಿ ಹೇಳಲು ಏನನ್ನು, ಎಲ್ಲಿ ಹುಡುಕಬೇಕು

ಫೆಬ್ರವರಿ, ಅಂದರೆ ಕಪ್ಪು ಜನರ ಇತಿಹಾಸಕ್ಕೆಂದು ಮೀಸಲಾದ ಬ್ಲ್ಯಾಕ್ ಹಿಸ್ಟರಿ ತಿಂಗಳು ಬಂತೆಂದರೆ ಅಮೆರಿಕದ ಎಲಿಮೆಂಟರಿ ಶಾಲೆಯ ಮಕ್ಕಳ ಬ್ಯಾಗಿನಲ್ಲಿ ರೋಸಾ ಪಾರ್ಕ್ಸ್ ಮನೆಗೆ ಬರುತ್ತಾರೆ. ಮಗಳು ಸೆಕೆಂಡ್ ಗ್ರೇಡಿನಲ್ಲಿದ್ದಾಗ ನಮ್ಮ ಮನೆಗೂ ಬಂದರು. ಬಣ್ಣ ತುಂಬುವ ಒಂದು ಹಾಳೆ. ಬಸ್ಸು, ಕಿಟಕಿ, ಕನ್ನಡಕ ಹಾಕಿದ ಹೆಂಗಸು, ಕೆಳಗೆ ನಾಲ್ಕು ಸಾಲು ಕಥೆ: ರೋಸಾಗೆ ಕೆಲಸ ಮಾಡಿ ಸುಸ್ತಾಗಿತ್ತು, ಬಸ್ಸಿನ ಮುಂಭಾಗದಲ್ಲಿ ಕೂತಳು, ಏಳು ಅಂದರೂ ಏಳಲಿಲ್ಲ, ಕಾನೂನು ಬದಲಾಯಿತು. ಮಗಳು ಬಸ್ಸಿಗೆ ಹಳದಿ ಬಳಿದು ಮುಗಿಸಿ ಕೇಳಿದ್ದು ಒಂದೇ ಪ್ರಶ್ನೆ: "ಅಮ್ಮಾ, ಬಸ್ಸಲ್ಲಿದ್ದ ಬೇರೆಯವರಿಗೂ ಸುಸ್ತಾಗಿತ್ತಲ್ವಾ?"

ಇದಕ್ಕೆ ಆ ಹಾಳೆಯಲ್ಲಿ ಉತ್ತರ ಇರಲಿಲ್ಲ. ಇರುವುದಕ್ಕೆ ಸಾಧ್ಯವೂ ಇರಲಿಲ್ಲ, ಏಕೆಂದರೆ ಅದರ ಒಂದೊಂದು ಸಾಲೂ ಸ್ವಲ್ಪ ಸ್ವಲ್ಪ ತಪ್ಪು. ಅಲಬಾಮಾ ರಾಜ್ಯದ ಮಾಂಟ್ಗೊಮರಿ ಊರಿನಲ್ಲಿ 1955ರ ಡಿಸೆಂಬರ್ 1ರ ಸಂಜೆ ರೋಸಾ ಪಾರ್ಕ್ಸ್ ಕೂತದ್ದು ಬಿಳಿಯರಿಗೆಂದು ಮೀಸಲಿಟ್ಟ ಮುಂಭಾಗದಲ್ಲಿ ಅಲ್ಲ, ಅದರ ಹಿಂದಿನ ಸಾಲಿನಲ್ಲಿ. ಅವರಿಗೆ ಆಗ 42 ವರ್ಷ, ಮುದುಕಿಯೇನಲ್ಲ. ದಿನದ ದಣಿವಿಗೂ ಅದಕ್ಕೂ ಸಂಬಂಧವಿಲ್ಲ, ತಗ್ಗಿ ತಗ್ಗಿ ನಡೆದು ಸಾಕಾಗಿತ್ತು ಅಷ್ಟೇ ಎಂಬರ್ಥದ ಮಾತನ್ನು ಅವರೇ ಆಮೇಲೆ ಬರೆದಿದ್ದಾರೆ. ಊರಿನ ನಾಗರಿಕ ಹಕ್ಕು ಸಂಘಟನೆಯಲ್ಲಿ ವರ್ಷಗಟ್ಟಲೆ ಕಾರ್ಯದರ್ಶಿಯಾಗಿ ದುಡಿದವರು ಅವರು. 1943ರಲ್ಲಿ ಇದೇ ಡ್ರೈವರ್ ಅವರನ್ನು ಒಮ್ಮೆ ಬಸ್ಸಿನಿಂದ ಇಳಿಸಿದ್ದ. ಒಬ್ಬ ಹೋರಾಟಗಾರ್ತಿಯನ್ನು ಸುಸ್ತಾದ ಅಜ್ಜಿ ಮಾಡಿ ಮಕ್ಕಳ ಕೈಗೆ ಕೊಡುತ್ತೇವೆ, ಅದಕ್ಕೆ "ವಯಸ್ಸಿಗೆ ತಕ್ಕ ಪಾಠ" ಎಂದು ಹೆಸರಿಡುತ್ತೇವೆ.

ಅವತ್ತು ರಾತ್ರಿ ಹುಡುಕುತ್ತಾ ಕೂತಾಗ ಸಿಕ್ಕಿದ್ದು ಅಮೆರಿಕದ ನ್ಯಾಷನಲ್ ಆರ್ಕೈವ್ಸ್‌ನಲ್ಲಿರುವ ಒಂದು ನಕ್ಷೆ. ಬಸ್ ಮೊಕದ್ದಮೆ ನ್ಯಾಯಾಲಯಕ್ಕೆ ಹೋದಾಗ ಸಾಕ್ಷ್ಯವಾಗಿ ಸಲ್ಲಿಸಿದ್ದು. ಬಸ್ಸಿನ ಒಳಗನ್ನು ಮೇಲಿನಿಂದ ನೋಡಿದಂತೆ ಸಾಲು ಸಾಲು ಸೀಟು, ಅದರಲ್ಲಿ ರೋಸಾ ಕೂತಿದ್ದ ಜಾಗ. ಒಟ್ಟು 36 ಸೀಟು, ಮುಂದಿನ 10 ಬಿಳಿಯರಿಗೆ. ಅವು ಭರ್ತಿಯಾಗಿ ಒಬ್ಬ ಬಿಳಿಯ ನಿಂತಿದ್ದ. ಹಿಂದಿನ ಸಾಲಿನಲ್ಲಿ ಈ ಕಡೆ ಇಬ್ಬರು, ಆ ಕಡೆ ಇಬ್ಬರು, ನಾಲ್ವರೂ ಕಪ್ಪು ಜನ. ಡ್ರೈವರ್ ನಾಲ್ವರನ್ನೂ ಏಳಲು ಹೇಳಿದ. ಮೂವರು ಎದ್ದರು.

ಬೆಳಿಗ್ಗೆ ತಿಂಡಿ ತಿನ್ನುವಾಗ ಮಗಳ ಮುಂದೆ ಇದನ್ನಿಟ್ಟೆ. ಬೆರಳಿಟ್ಟು ಸೀಟು ಎಣಿಸಿದಳು. "ಕೂರಬೇಕಿದ್ದು ಒಬ್ಬರು. ನಾಲ್ಕು ಜನ ಯಾಕೆ ಏಳಬೇಕು?" ಬಿಳಿಯರೂ ಕಪ್ಪು ಜನರೂ ಒಂದೇ ಸಾಲಿನಲ್ಲಿ ಕೂರುವ ಹಾಗಿರಲಿಲ್ಲ, ಅದಕ್ಕೆ ಎಂದೆ. ಏಳು ವರ್ಷದ ಮಗುವಿಗೆ ಕಳೆಯುವ ಲೆಕ್ಕ ಬರುತ್ತದೆ. ನಾಲ್ವರು ಎದ್ದು ಒಬ್ಬರು ಕೂತರೆ ಮೂರು ಸೀಟು ಖಾಲಿ, ಆದರೂ ಮೂವರು ನಿಂತೇ ಇರಬೇಕು. ಆ ಕಾನೂನು ಎಂಥದ್ದು ಎಂದು ನಾನು ಬೇರೆ ಹೇಳಬೇಕಾಗಲಿಲ್ಲ. ಪಂಕ್ತಿಭೇದ ಎಂಬ ಪದವನ್ನೇ ಇಟ್ಟುಕೊಂಡಿರುವ ನಮ್ಮ ಭಾಷೆಯವರಿಗಂತೂ ಅದನ್ನು ಬಿಡಿಸಿ ಹೇಳುವುದೇ ಬೇಡ.

ವಯಸ್ಸಿಗೆ ತಕ್ಕದ್ದು ಅಂದರೆ ಏನೆಂದು ನನಗೆ ಗೊತ್ತಾದದ್ದು ಆ ನಕ್ಷೆಯಿಂದ. ನಿಜಕ್ಕೆ ಸಕ್ಕರೆ ಬೆರೆಸುವುದಲ್ಲ, ಮಗುವಿನ ಕೈಗೆ ಹಿಡಿಯುವಷ್ಟು ನಿಜವನ್ನು ಆರಿಸುವುದು. ಅಂಥ ಸಾಮಗ್ರಿ ಕಡಿಮೆ ಇಲ್ಲ. ಆದರೆ ಸರ್ಚ್ ಮಾಡಿದ ಕೂಡಲೇ ಮೇಲೆ ಬರುವುದು ಅದಲ್ಲ, ಬಣ್ಣ ತುಂಬುವ ಹಾಳೆ.

ಈ ತೊಡಕು ಇವತ್ತಿನದಲ್ಲ. ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಲೇಖಕ ಡಬ್ಲ್ಯೂ.ಇ.ಬಿ. ಡುಬೋಯಿಸ್ ತಮ್ಮ 'ದಿ ಕ್ರೈಸಿಸ್' ಪತ್ರಿಕೆಯಲ್ಲಿ ವರ್ಷಕ್ಕೊಂದು ಮಕ್ಕಳ ಸಂಚಿಕೆ ತರುತ್ತಿದ್ದರು. ಅದೇ ಪತ್ರಿಕೆಯಲ್ಲಿ ಕಪ್ಪು ಜನರನ್ನು ಗುಂಪುಗೂಡಿ ಕೊಂದ ವರದಿಗಳೂ ಇರುತ್ತಿದ್ದವು. 12 ವರ್ಷದ ಹುಡುಗಿಯೊಬ್ಬಳು ಅವರಿಗೆ ಪತ್ರ ಬರೆದಳು: ಬಿಳಿಯರು ನನ್ನನ್ನು ಎಷ್ಟು ದ್ವೇಷಿಸುತ್ತಾರೋ ಅಷ್ಟೇ, ಬಹುಶಃ ಇನ್ನೂ ಹೆಚ್ಚು ನಾನು ಅವರನ್ನು ದ್ವೇಷಿಸುತ್ತೇನೆ. ಡುಬೋಯಿಸ್‌ಗೆ ಅದು ನಾಟಿತು. ಮಕ್ಕಳಿಂದ ನಿಜವನ್ನು ಮುಚ್ಚಿಡುವುದು ಆಗದ ಮಾತು, ಹಾಗೆಂದು ದ್ವೇಷ ಉಣಿಸುವುದೂ ಸಲ್ಲದು ಎಂದು 1919ರಲ್ಲಿ ಬರೆದು, 1920ರ ಜನವರಿಯಿಂದ ಕಪ್ಪು ಮಕ್ಕಳಿಗಾಗಿ 'ದಿ ಬ್ರೌನೀಸ್ ಬುಕ್' ಎಂಬ ಮಾಸಪತ್ರಿಕೆ ತಂದರು. ಸಂಪಾದನೆಯ ಬಹುಪಾಲು ಕೆಲಸ ಜೆಸ್ಸಿ ಫಾಸೆಟ್ ಅವರದು. ಕಥೆ, ಆಟ, ಒಗಟು, ಸಾಧಕರ ಜೀವನ, ಓದುವ ಮಕ್ಕಳ ಫೋಟೊ, ಮಕ್ಕಳ ಪತ್ರ ಎಲ್ಲ ಅದರಲ್ಲಿದ್ದವು. ಮುಂದೆ ದೊಡ್ಡ ಕವಿಯಾದ ಲ್ಯಾಂಗ್ಸ್ಟನ್ ಹ್ಯೂಸ್ ಹುಡುಗನಾಗಿದ್ದಾಗಿನ ಕವಿತೆಗಳು ಅಚ್ಚಾದದ್ದು ಅಲ್ಲೇ. ಎರಡೇ ವರ್ಷ, 24 ಸಂಚಿಕೆ, ಆಮೇಲೆ ನಿಂತುಹೋಯಿತು. ಲೈಬ್ರರಿ ಆಫ್ ಕಾಂಗ್ರೆಸ್‌ನ ವೆಬ್‌ಸೈಟಿನಲ್ಲಿ ಅದರ ಪುಟಗಳನ್ನು ಇವತ್ತೂ ಬಿಟ್ಟಿಯಾಗಿ ತಿರುವಬಹುದು. ನೂರು ವರ್ಷದ ಹಿಂದಿನ ಹುಡುಗಿ ಜಡೆಗೆ ರಿಬ್ಬನ್ ಕಟ್ಟಿ ಸ್ಟುಡಿಯೋದಲ್ಲಿ ನಿಂತ ಫೋಟೊ ನೋಡಿದ ಮಗುವಿಗೆ, ಇವರ ಇತಿಹಾಸ ಅಂದರೆ ಅಳುವುದಷ್ಟೇ ಅಲ್ಲ ಎಂಬುದು ತಾನಾಗಿ ಹೊಳೆಯುತ್ತದೆ.

ಐದು, ಆರು, ಏಳರ ಮಕ್ಕಳಿಗೆ ಒಬ್ಬರ ಕಥೆ ಸಾಕು. ಅದರಲ್ಲೂ ಇನ್ನೊಂದು ಮಗುವಿನ ಕಥೆ. 1761ರಲ್ಲಿ ಪಶ್ಚಿಮ ಆಫ್ರಿಕಾದಿಂದ ಹಿಡಿದು ತಂದ ಒಬ್ಬ ಹುಡುಗಿಯನ್ನು ಬಾಸ್ಟನ್ ಬಂದರಿನಲ್ಲಿ ಮಾರಿದರು. ವಯಸ್ಸು ಎಷ್ಟೆಂದು ಯಾರಿಗೂ ಗೊತ್ತಿಲ್ಲ. ಮುಂದಿನ ಹಾಲುಹಲ್ಲು ಬಿದ್ದಿದ್ದು ನೋಡಿ ಏಳಿರಬಹುದು ಎಂದರು. ಕರೆತಂದ ಹಡಗಿನ ಹೆಸರು ಫಿಲಿಸ್, ಅದನ್ನೇ ಅವಳಿಗೂ ಇಟ್ಟರು. ಕೊಂಡವರ ಮನೆತನದ ಹೆಸರು ಸೇರಿ ಫಿಲಿಸ್ ವೀಟ್ಲಿ. 1773ರಲ್ಲಿ ಅವಳ ಕವನ ಸಂಕಲನ ಲಂಡನ್ನಿನಲ್ಲಿ ಅಚ್ಚಾಯಿತು. ತನ್ನದೇ ಹಲ್ಲು ಅಲ್ಲಾಡಿಸುತ್ತಾ ಕೂತ ಫಸ್ಟ್ ಗ್ರೇಡಿನ ಮಗುವಿಗೆ ಈ ಒಂದು ವಿವರ ಸಾಕು. ಚಾಟಿ, ಸಂಕೋಲೆ ಏನೂ ಬೇಡ. "ಅವಳ ಅಮ್ಮ ಇಟ್ಟ ಹೆಸರು ಏನು?" ಎಂದು ಕೇಳುತ್ತದೆ. ಗೊತ್ತಿಲ್ಲ ಎನ್ನುವುದೇ ಉತ್ತರ. ಗುಲಾಮಗಿರಿ ಎಂದರೇನು ಎಂಬುದರ ಅರ್ಧ ಪಾಠ ಅದರಲ್ಲೇ ಮುಗಿಯಿತು.

ಗುಲಾಮಗಿರಿಯಿಂದ ತಪ್ಪಿಸಿಕೊಂಡು ಅದರ ವಿರುದ್ಧವೇ ಹೋರಾಡಿದ ಫ್ರೆಡರಿಕ್ ಡಗ್ಲಸ್ ಕಥೆಯೂ ಹಾಗೇ. ಅವರಿಗೆ ತಮ್ಮ ಹುಟ್ಟಿದ ದಿನ ಗೊತ್ತಿರಲಿಲ್ಲ. ದೊಡ್ಡವರಾದ ಮೇಲೆ ಫೆಬ್ರವರಿ 14 ಎಂದು ತಾವೇ ಇಟ್ಟುಕೊಂಡರು. ಬಾಲ್ಟಿಮೋರಿನಲ್ಲಿ ಯಜಮಾನಿ ಅಕ್ಷರ ಕಲಿಸಲು ತೊಡಗಿದಾಗ ಯಜಮಾನ ತಡೆದ. ಹುಡುಗ ಬಿಡಲಿಲ್ಲ. ಬೀದಿಯ ಬಡ ಬಿಳಿ ಹುಡುಗರಿಗೆ ಮನೆಯ ಬ್ರೆಡ್ಡು ಕೊಟ್ಟು ಅವರಿಂದ ಓದು ಕಲಿತ. ಹುಟ್ಟುಹಬ್ಬ, ಬ್ರೆಡ್ಡು, ಅಕ್ಷರ ಮೂರೂ ಮಗುವಿಗೆ ಗೊತ್ತಿರುವ ವಸ್ತುಗಳೇ.

ಒಂದು ಎಚ್ಚರ. ಗುಲಾಮರನ್ನು ಒಯ್ದ ಹಡಗಿನಿಂದಲೇ ಕಥೆ ಶುರು ಮಾಡುವ ಪುಸ್ತಕವನ್ನು ಮೊದಲಿಗೆ ಹಿಡಿಯಬೇಡಿ. ಹಡಗು ಬರುವ ಮೊದಲೂ ಆಫ್ರಿಕಾದಲ್ಲಿ ಊರುಗಳಿದ್ದವು. 1324ರಲ್ಲಿ ಮಾಲಿಯ ದೊರೆ ಮಾನ್ಸಾ ಮೂಸಾ ಚಿನ್ನ ಹೇರಿಕೊಂಡು ಮೆಕ್ಕಾ ಯಾತ್ರೆ ಹೊರಟದ್ದು, ಟಿಂಬಕ್ಟೂ ಮನೆಗಳಲ್ಲಿ ಜೋಪಾನ ಮಾಡಿದ ಹಸ್ತಪ್ರತಿಗಳು, ಬೆನಿನ್ನಿನ ಲೋಹದ ಶಿಲ್ಪಗಳು ಒಂದು ವಾರ ತುಂಬಿಸುತ್ತವೆ.

ಇನ್ನು ರೂಬಿ ಬ್ರಿಡ್ಜಸ್. ಈ ಕಥೆ ಆರು ವರ್ಷದವರಿಗೆ ಹೆಚ್ಚಾಯಿತು ಎನ್ನುವ ಪೋಷಕರಿದ್ದಾರೆ. ಅವರ ಪುಸ್ತಕವನ್ನು ಶಾಲೆಯಿಂದ ತೆಗೆಯಿರಿ ಎಂದು ದೂರು ಕೊಟ್ಟವರೂ ಇದ್ದಾರೆ. ಬಿಳಿಯರಷ್ಟೇ ಓದುತ್ತಿದ್ದ ಶಾಲೆಗೆ ಸೇರಿದ ಕಪ್ಪು ಹುಡುಗಿ ರೂಬಿಗೆ ಆಗ ಆರೇ ವರ್ಷ. 1960ರ ನವೆಂಬರ್ 14ರಂದು ನ್ಯೂ ಆರ್ಲಿಯನ್ಸ್‌ನ ವಿಲಿಯಂ ಫ್ರಾಂಟ್ಸ್ ಶಾಲೆಗೆ ಕಾವಲಿಗೆ ಬಂದ ನಾಲ್ವರು ಫೆಡರಲ್ ಮಾರ್ಷಲ್‌ಗಳ (ಕೇಂದ್ರ ಸರ್ಕಾರದ ಅಧಿಕಾರಿಗಳ) ನಡುವೆ ಆಕೆ ನಡೆದುಹೋದಳು. ಹೊರಗೆ ಜನ ಕೂಗಾಡುತ್ತಿದ್ದರು. ಅವಳು ಅದನ್ನು ಊರಿನ ಮಾರ್ಡಿ ಗ್ರಾ ಜಾತ್ರೆ ಅಂದುಕೊಂಡಿದ್ದಳು. ಬಿಳಿ ತಂದೆತಾಯಿಯರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಮೊದಲ ದಿನ ಪೂರ್ತಿ ಪ್ರಿನ್ಸಿಪಾಲರ ಕೋಣೆಯಲ್ಲೇ ಕಳೆಯಿತು. ಆಮೇಲೆ ಬಾಸ್ಟನ್ನಿನಿಂದ ಬಂದಿದ್ದ ಬಾರ್ಬರಾ ಹೆನ್ರಿ ಎಂಬ ಟೀಚರ್, ಒಬ್ಬಳೇ ವಿದ್ಯಾರ್ಥಿನಿ. ಯಾರೋ ವಿಷ ಹಾಕುವುದಾಗಿ ಬೆದರಿಸಿದ್ದರಿಂದ ಊಟ ಮನೆಯಿಂದಲೇ. ವರ್ಷದ ಕೊನೆಗೆ ಕೆಲವು ಬಿಳಿ ಮಕ್ಕಳ ಜೊತೆ ಕೂರಲು ಸಿಕ್ಕಾಗ ಒಬ್ಬ ಹುಡುಗ, ನಿನ್ನ ಜೊತೆ ಆಡಬೇಡ ಅಂತ ಅಮ್ಮ ಹೇಳಿದ್ದಾಳೆ ಎಂದ, ಕಾರಣವನ್ನೂ ಹೇಳಿದ. ಇಷ್ಟೆಲ್ಲ ನಡೆದದ್ದು ತನ್ನ ಮೈಬಣ್ಣಕ್ಕೆ ಎಂದು ಆಗಲೇ ತನಗೆ ಅರ್ಥವಾದದ್ದು ಎಂದು ರೂಬಿ ದೊಡ್ಡವರಾದ ಮೇಲೆ ಹೇಳಿಕೊಂಡಿದ್ದಾರೆ.

ಈ ಕಥೆ ಮಕ್ಕಳಿಗೆ ತಕ್ಕದ್ದಾಗುವುದು ಇದನ್ನು ಕಂಡ ಕಣ್ಣು ಮಗುವಿನದಾದ್ದರಿಂದ. ಟಿಫಿನ್ ಡಬ್ಬಿ, ಖಾಲಿ ಕ್ಲಾಸು, ಆಟಕ್ಕೆ ಜೊತೆಯಿಲ್ಲದ ವರ್ಷ. ಆದರೆ ಇದೇ ದೃಶ್ಯವನ್ನು ನಾರ್ಮನ್ ರಾಕ್‌ವೆಲ್ ಬಿಡಿಸಿ 1964ರಲ್ಲಿ ಪ್ರಕಟವಾದ ಪ್ರಸಿದ್ಧ ಚಿತ್ರ ತೋರಿಸುವ ಮುನ್ನ ಒಮ್ಮೆ ಸರಿಯಾಗಿ ನೋಡಿಕೊಳ್ಳಿ. ಹಿಂದಿನ ಗೋಡೆಯ ಮೇಲೆ ಕಪ್ಪು ಜನರನ್ನು ಹೀನಾಯವಾಗಿ ಕರೆಯುವ ಬೈಗುಳವನ್ನು ಬರೆದಿದೆ. ಫಿಫ್ತ್ ಗ್ರೇಡಿನವರ ಜೊತೆ ಅದನ್ನು ಚರ್ಚಿಸಬಹುದು. ಈಗಷ್ಟೇ ಅಕ್ಷರ ಕೂಡಿಸಿ ಓದಲು ಕಲಿತ ಮಗು ಅದನ್ನು ಗಟ್ಟಿಯಾಗಿ ಓದಿಬಿಡುತ್ತದೆ!

ಎರಡನೆಯ, ಮೂರನೆಯ ತರಗತಿಗೆ ಬಂದ ಮಕ್ಕಳಿಗೆ ನಿಯಮ ಅಂದರೆ ಬಲು ಹುಚ್ಚು. ಯಾರು ಮಾಡಿದ ನಿಯಮ, ಮುರಿದರೆ ಏನಾಗುತ್ತದೆ, ಬದಲಾಯಿಸುವವರು ಯಾರು. ಒಬ್ಬ ನಾಯಕನ ಕಥೆಯಿಂದ ಜನರ ಕಥೆಗೆ ದಾಟಲು ಇದೇ ಸಮಯ. ರೋಸಾ ಬಂಧನವಾದ ರಾತ್ರಿಯೇ ಜೋ ಆ್ಯನ್ ರಾಬಿನ್ಸನ್ ಎಂಬ ಕಾಲೇಜು ಅಧ್ಯಾಪಕಿ ಕೂತು ಬಸ್ಸು ಹತ್ತಬೇಡಿ ಎನ್ನುವ ಹತ್ತಾರು ಸಾವಿರ ಕರಪತ್ರ ಅಚ್ಚು ಹಾಕಿಸಿದರು. 381 ದಿನ ಊರಿನ ಕಪ್ಪು ಜನ ಬಸ್ಸು ಹತ್ತಲಿಲ್ಲ. ನಡೆದರು, ಒಬ್ಬರ ಕಾರಿನಲ್ಲಿ ಇನ್ನೊಬ್ಬರು ಹೋದರು. ಒಂಬತ್ತು ತಿಂಗಳ ಮೊದಲೇ ಕ್ಲಾಡೆಟ್ ಕಾಲ್ವಿನ್ ಎಂಬ 15ರ ಹುಡುಗಿ ಸೀಟು ಬಿಡದೆ ಜೈಲು ಕಂಡಿದ್ದಳು. ಕೊನೆಗೆ ಬಸ್ಸಿನ ಕಾನೂನನ್ನು ಬೀಳಿಸಿದ ಮೊಕದ್ದಮೆಯಲ್ಲಿ ವಾದಿಗಳ ಪೈಕಿ ಇದ್ದವಳು ಅವಳು, ರೋಸಾ ಅಲ್ಲ. ಮಕ್ಕಳು ಈ ವಿಷಯ ಕೇಳಿ ಕೊಡುವ ಪ್ರತಿಕ್ರಿಯೆ ನೋಡಬೇಕು. ತಮಗೆ ಯಾರೋ ಮೋಸ ಮಾಡಿದ ಹಾಗೆ ಮುಖ ಮಾಡುತ್ತಾರೆ.

ಈ ವಯಸ್ಸಿನವರಿಗೆ ಮೂಲ ದಾಖಲೆ ತೋರಿಸುವುದು ಕಷ್ಟವೇನಲ್ಲ, ಉದ್ದದ ಬರಹ ಇರಬಾರದು ಅಷ್ಟೇ. ನಕ್ಷೆ, ಪೊಲೀಸರು ಬೆರಳ ಗುರುತು ಒತ್ತಿಸಿಕೊಂಡ ಕಾರ್ಡು, ಫೋಟೊ, ಚೀಟಿ ಸಾಕು. ರೋಸಾ ಪಾರ್ಕ್ಸ್ ಅವರ ಕಾಗದಪತ್ರಗಳನ್ನು ಲೈಬ್ರರಿ ಆಫ್ ಕಾಂಗ್ರೆಸ್ 2016ರಲ್ಲಿ ಆನ್‌ಲೈನ್ ಹಾಕಿದೆ. ಅದರಲ್ಲಿ ಒಂದು ಲಕೋಟೆಯ ಹಿಂಬದಿಯಲ್ಲಿ ಅವರ ಕೈಬರಹದ ಪ್ಯಾನ್‌ಕೇಕ್ ವಿಧಾನ ಇದೆ, ಪೀನಟ್ ಬಟರ್ ಬೆರೆಸಿದ್ದು. ಮಾಡಿ ನೋಡಿದೆವು. ಸೆಟ್ ದೋಸೆಯಷ್ಟು ಹಗುರವಾಗಲಿಲ್ಲ, ಆದರೆ ಮಗಳಿಗೆ ಅವತ್ತಿನಿಂದ ರೋಸಾ ಪಾರ್ಕ್ಸ್ ಒಂದು ಅಡುಗೆಮನೆ ಇದ್ದ ಮನುಷ್ಯರಾದರು.

ನಾಲ್ಕು, ಐದನೆಯ ತರಗತಿಗೆ ಅಂಕಿ ಕೊಡಬಹುದು, "ಯಾಕೆ" ಎನ್ನುವುದನ್ನು ಬಿಡಿಸಬಹುದು. ಆಫ್ರಿಕಾದ ಕರಾವಳಿಯಲ್ಲಿ ಹಡಗಿಗೆ ತುಂಬಿದ್ದು ಸುಮಾರು 1.25 ಕೋಟಿ ಜನರನ್ನು, ದಡ ಮುಟ್ಟಿದ್ದು ಸುಮಾರು 1.07 ಕೋಟಿ. ಹೆಚ್ಚಿನವರನ್ನು ಒಯ್ದದ್ದು ಬ್ರೆಜಿಲ್ಲಿಗೆ ಮತ್ತು ಕೆರಿಬಿಯನ್ ದ್ವೀಪಗಳಿಗೆ. ಈಗಿನ ಅಮೆರಿಕದ ನೆಲಕ್ಕೆ ನೇರವಾಗಿ ತಂದದ್ದು ಸುಮಾರು 4 ಲಕ್ಷ ಜನರನ್ನು. ಆದರೆ 1860ರ ಹೊತ್ತಿಗೆ ಇಲ್ಲಿ ಗುಲಾಮಗಿರಿಯಲ್ಲಿದ್ದವರು ಸುಮಾರು 40 ಲಕ್ಷ. ಹೇಗೆ? 1662ರಲ್ಲಿ ವರ್ಜೀನಿಯಾ ಮಾಡಿದ ಒಂದು ಕಾನೂನಿನಲ್ಲಿ ಉತ್ತರ ಇದೆ: ತಾಯಿ ಗುಲಾಮಳಾದರೆ ಹುಟ್ಟುವ ಮಗುವೂ ಗುಲಾಮ. ಇದರ ಹಿಂದಿನ ಕ್ರೌರ್ಯವನ್ನೆಲ್ಲ ಹತ್ತರ ಮಗುವಿಗೆ ಹೇಳಬೇಕಿಲ್ಲ. ಒಂದು ಕಾನೂನು ತೊಟ್ಟಿಲಿನಲ್ಲಿರುವ ಕೂಸನ್ನು ಮಾರುವ ಸರಕು ಮಾಡಿತು ಎಂಬುದನ್ನು ಹೇಳಬಹುದು. ಹಡಗುಗಳ ಲೆಕ್ಕ ನೋಡಲು 'ಸ್ಲೇವ್ ವಾಯೇಜಸ್' ಎಂಬ ಸಂಶೋಧಕರ ದತ್ತಾಂಶ ತಾಣವಿದೆ, ಅದರ ಭೂಪಟವನ್ನು ದೊಡ್ಡವರು ಪಕ್ಕದಲ್ಲಿ ಕೂತು ತೋರಿಸಬೇಕು.

ಸಿಕ್ಕ ಸಾಮಗ್ರಿಯನ್ನು ಜರಡಿ ಹಿಡಿಯುವುದು ಹೇಗೆ? ನಾನು ಮೊದಲು ನೋಡುವುದು ಪದಗಳನ್ನು, ಅದರಲ್ಲೂ ಕ್ರಿಯಾಪದವನ್ನು. ನಗಬೇಡಿ. 2015ರಲ್ಲಿ ಟೆಕ್ಸಸ್‌ನ ಶಾಲೆಗಳಲ್ಲಿದ್ದ ಒಂದು ಭೂಗೋಳ ಪಠ್ಯ, ಗುಲಾಮ ವ್ಯಾಪಾರವು ಆಫ್ರಿಕಾದಿಂದ ಲಕ್ಷಾಂತರ "ಕೆಲಸಗಾರರನ್ನು" ತೋಟಗಳಿಗೆ ತಂದಿತು ಎಂದು ಬರೆದಿತ್ತು. ಒಬ್ಬ ವಿದ್ಯಾರ್ಥಿ ಅದರ ಫೋಟೊ ತೆಗೆದು ತಾಯಿಗೆ ಕಳಿಸಿದ, ದೊಡ್ಡ ಗದ್ದಲವಾಯಿತು, ಪ್ರಕಾಶಕರು ತಿದ್ದಿದರು. "ತರಲಾಯಿತು", "ಮಾರಲಾಯಿತು", "ಬಿಡುಗಡೆ ಮಾಡಲಾಯಿತು" ಎಂದೇ ಪುಟ ತುಂಬಿದ್ದರೆ ಅಲ್ಲಿ ಮಾಡಿದವರೂ ಕಾಣುವುದಿಲ್ಲ, ಎದುರಿಸಿದವರೂ ಕಾಣುವುದಿಲ್ಲ. ಕದ್ದವರು ಯಾರು, ಓಡಿದವರು ಯಾರು, ಕೋರ್ಟಿಗೆ ಹೋದವರು ಯಾರು ಎಂದು ಹೇಳುವ ಪುಸ್ತಕ ಬೇಕು.

ಎರಡನೆಯದು ಚಿತ್ರದಲ್ಲಿನ ಮುಖಗಳು. 2016ರಲ್ಲಿ ಜಾರ್ಜ್ ವಾಷಿಂಗ್ಟನ್ನರ ಗುಲಾಮ ಬಾಣಸಿಗ ಹರ್ಕ್ಯುಲಿಸ್ ಬಗ್ಗೆ ಬಂದ ಒಂದು ಚಿತ್ರಪುಸ್ತಕದಲ್ಲಿ ಆತ ಮತ್ತು ಮಗಳು ನಗುನಗುತ್ತಾ ಯಜಮಾನನ ಹುಟ್ಟುಹಬ್ಬಕ್ಕೆ ಕೇಕ್ ಮಾಡುತ್ತಿದ್ದರು. ಟೀಕೆ ಬಂದು ಪ್ರಕಾಶಕರೇ ಅದನ್ನು ವಾಪಸ್ ಪಡೆದರು. ನಿಜ ಕಥೆಯೇ ಮಕ್ಕಳಿಗೆ ಹೆಚ್ಚು ಹಿಡಿಸುತ್ತಿತ್ತು. 1797ರಲ್ಲಿ ಹರ್ಕ್ಯುಲಿಸ್ ತಪ್ಪಿಸಿಕೊಂಡು ಹೋದ, ಅದೂ ವಾಷಿಂಗ್ಟನ್ನರ ಹುಟ್ಟುಹಬ್ಬದ ದಿನ. ಕೆಲವು ವಾರಗಳ ನಂತರ ಆ ತೋಟಕ್ಕೆ ಬಂದ ಫ್ರೆಂಚ್ ಅತಿಥಿಯೊಬ್ಬರ ಸೇವಕ, ಹರ್ಕ್ಯುಲಿಸ್‌ನ ಆರು ವರ್ಷದ ಮಗಳನ್ನು ಕೇಳಿದ: ಅಪ್ಪನನ್ನು ಇನ್ನು ನೋಡಲಾಗದು ಎಂದು ದುಃಖವಿಲ್ಲವೇ? ಇಲ್ಲ, ನನಗೆ ತುಂಬ ಸಂತೋಷ, ಅವನೀಗ ಸ್ವತಂತ್ರ ಎಂದಳಂತೆ ಅವಳು. ಅತಿಥಿ ದಿನಚರಿಯಲ್ಲಿ ಅದನ್ನು ಬರೆದಿಟ್ಟ. ಕೇಕಿಗಿಂತ ಆ ಒಂದು ಮಾತು ಮೇಲಲ್ಲವೇ?

ಚೆಂದದ ಸುಳ್ಳುಗಳೂ ಇವೆ. ಕೃಷಿ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಪೀನಟ್ ಬಟರ್ ಕಂಡುಹಿಡಿದರು ಎಂದು ಎಷ್ಟೋ ಹಾಳೆಗಳಲ್ಲಿದೆ. ಕಂಡುಹಿಡಿಯಲಿಲ್ಲ. ಹತ್ತಿ ಬೆಳೆದು ಬೆಳೆದು ಸತ್ತ ನೆಲಕ್ಕೆ ಕಡಲೆಕಾಯಿ ಹಾಕಿ ಸಾರ ಮರಳಿಸಿ ಎಂದು ಬಡ ರೈತರಿಗೆ ಕಲಿಸಿದರು. ಕುದುರೆ ಗಾಡಿಯಲ್ಲಿ ಪಾಠದ ಸಾಮಾನು ಹೇರಿ ಹಳ್ಳಿಗಳಿಗೆ ಕಳಿಸುವ ವ್ಯವಸ್ಥೆ ಮಾಡಿದರು. ನಮ್ಮ ಕಡೆ ರೈತರ ಮನೆಯ ಅಜ್ಜಂದಿರಿಗೆ ಈ ಮನುಷ್ಯನನ್ನು ಪರಿಚಯಿಸಿದರೆ ಅರ್ಧ ಗಂಟೆ ಮಾತಾಡುತ್ತಾರೆ, ಪೀನಟ್ ಬಟರ್ ಬಗ್ಗೆ ಯಾರು ಮಾತಾಡುತ್ತಾರೆ?

ಇನ್ನೊಂದು, ಕೌದಿಯದು. ಗುಲಾಮಗಿರಿಯಿಂದ ಓಡಿಹೋಗುವವರಿಗೆ ದಾರಿ ತೋರಿಸಲು ಮನೆಯ ಮುಂದೆ ಗುಪ್ತ ಸಂಕೇತದ ಕೌದಿಗಳನ್ನು ನೇತುಹಾಕುತ್ತಿದ್ದರು ಎಂಬ ಕಥೆ ಎಲಿಮೆಂಟರಿ ಶಾಲೆಗಳಲ್ಲಿ ಭಾರಿ ಜನಪ್ರಿಯ. ಕಾಗದ ಕತ್ತರಿಸಿ ಅಂಟಿಸಲು ಹೇಳಿ ಮಾಡಿಸಿದ ಹಾಗಿದೆ. ಕಷ್ಟವೆಂದರೆ ಇದು 1999ರಲ್ಲಿ ಬಂದ ಒಂದು ಪುಸ್ತಕದಿಂದ ಹಬ್ಬಿದ್ದು. ಆ ಕಾಲದ ದಾಖಲೆಗಳಲ್ಲಾಗಲಿ, ಓಡಿಬಂದವರ ಆತ್ಮಕಥೆಗಳಲ್ಲಾಗಲಿ ಇದಕ್ಕೆ ಆಧಾರವಿಲ್ಲ ಎನ್ನುತ್ತಾರೆ ಇತಿಹಾಸಕಾರರು. ಕೌದಿಯೇ ಬೇಕಿದ್ದರೆ ನಿಜವಾದದ್ದು ಅಲಬಾಮಾದ ಜೀಸ್ ಬೆಂಡ್ ಎಂಬ ಹಳ್ಳಿಯಲ್ಲಿದೆ. ಗುಲಾಮರಾಗಿದ್ದವರ ಮೊಮ್ಮಕ್ಕಳು, ಮರಿಮಕ್ಕಳಾದ ಹೆಂಗಸರು ಹೊಲದ ಕೆಲಸದಲ್ಲಿ ಸವೆದ ಪ್ಯಾಂಟು, ಅಂಗಿಗಳಿಂದ ಹೊಲಿದ ಕೌದಿಗಳು ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನ ಗೋಡೆ ಏರಿದವು, 2006ರಲ್ಲಿ ಅಂಚೆ ಚೀಟಿಯಾದವು.

ಕನ್ನಡದ ಮನೆಗಳಲ್ಲಿ ಇದಕ್ಕೊಂದು ಜೋಡಿ ಇಡಬಹುದು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರೂ ಹಳೆ ಬಟ್ಟೆಯ ತುಂಡುಗಳಿಂದ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ, ಮೂಲೆಗಳಿಗೆ 'ಫುಲಾ' ಎನ್ನುವ ತ್ರಿಕೋನದ ಹೂವು ಮಡಿಸಿ ಕೂರಿಸುತ್ತಾರೆ. ಸಿದ್ದಿಗಳಲ್ಲಿ ಅನೇಕರ ಪೂರ್ವಿಕರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದಿದ್ದರು, ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಬಿಜಾಪುರದ ಆದಿಲ್ ಶಾಹಿ ದರ್ಬಾರಿನಲ್ಲಿ ಆಫ್ರಿಕಾ ಮೂಲದ ಇಖ್ಲಾಸ್ ಖಾನ್ ಮಂತ್ರಿಯೂ ಆಗಿದ್ದ. ಎರಡು ಕೌದಿಗಳ ಫೋಟೊ ಪಕ್ಕಪಕ್ಕ ಇಟ್ಟು ಏನೇನು ಒಂದೇ ಥರ ಇದೆ ಎಂದು ಕೇಳಿ ಸುಮ್ಮನಿರಿ. ಒಂದರಿಂದ ಇನ್ನೊಂದು ಬಂತು ಎಂದು ಹೇಳಹೋಗಬೇಡಿ, ಅದು ಮತ್ತೊಂದು ಚೆಂದದ ಸುಳ್ಳಾದೀತು.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ತರಗತಿಯಲ್ಲಿ ಗುಲಾಮರ ಹರಾಜಿನ ನಾಟಕ, ಹಡಗಿನಲ್ಲಿ ಮಲಗಿದ ಹಾಗೆ ಮಕ್ಕಳನ್ನು ನೆಲದ ಮೇಲೆ ಮಲಗಿಸುವುದು, ಓಡಿಹೋಗುವ ಬೋರ್ಡ್ ಗೇಮ್, ಇವೆಲ್ಲ ಇಂದಿಗೂ ಅಲ್ಲಲ್ಲಿ ನಡೆದು ಸುದ್ದಿಯಾಗುತ್ತವೆ. ಇಂಥದ್ದರಿಂದ ಮಕ್ಕಳಿಗೆ ಆ ನೋವು ಅರ್ಥವಾಗುವುದಿಲ್ಲ, ಕ್ಲಾಸಿನಲ್ಲಿರುವ ಇಬ್ಬರು ಮೂವರು ಕಪ್ಪು ಮಕ್ಕಳಿಗೆ ಹೊಸ ನೋವಾಗುತ್ತದೆ. ಬಸ್ಸಿನ ನಕ್ಷೆಯ ಮೇಲೆ ಬೆರಳಿಡುವುದು ಬೇರೆ, ಗೆಳತಿಯನ್ನು ಸೀಟಿನಿಂದ ಎಬ್ಬಿಸಿ ಆಡುವುದು ಬೇರೆ.

ಇನ್ನು ಎಲ್ಲಿ ಹುಡುಕುವುದು ಎಂಬುದು. ವಾಷಿಂಗ್ಟನ್ನಿನಲ್ಲಿ 2016ರಲ್ಲಿ ತೆರೆದ ಸ್ಮಿತ್ಸೋನಿಯನ್ ಸಂಸ್ಥೆಯ ಆಫ್ರಿಕನ್ ಅಮೆರಿಕನ್ ಇತಿಹಾಸ ಮ್ಯೂಸಿಯಂ ತೀರಾ ಪುಟ್ಟವರಿಗೂ ಚಟುವಟಿಕೆ ಪುಸ್ತಕಗಳನ್ನು ಕೊಡುತ್ತದೆ. ಅದರ ಒಳಗೆ ಮಕ್ಕಳನ್ನು ಕರೆದೊಯ್ಯುವುದಾದರೆ ನೆಲದಡಿಯ ಇತಿಹಾಸದ ಮಹಡಿಗಳಿಗಿಂತ ಮೇಲಿನ ಸಂಗೀತ, ಕ್ರೀಡೆಯ ಮಹಡಿಗಳಿಂದ ಶುರುಮಾಡಿ. ನ್ಯಾಷನಲ್ ಆರ್ಕೈವ್ಸ್‌ನವರು ಶಿಕ್ಷಕರಿಗೆಂದೇ 'ಡಾಕ್ಸ್‌ಟೀಚ್' ಎಂಬ ತಾಣ ಇಟ್ಟಿದ್ದಾರೆ. ಗುಲಾಮಗಿರಿಯನ್ನು ಎಳೆಯರಿಗೆ ಹೇಳುವುದು ಹೇಗೆಂದು 'ಲರ್ನಿಂಗ್ ಫಾರ್ ಜಸ್ಟಿಸ್' ಕಿಂಡರ್‌ಗಾರ್ಟನ್‌ನಿಂದ ಐದನೆಯ ತರಗತಿವರೆಗೆ ಒಂದು ಚೌಕಟ್ಟು ಮಾಡಿದೆ. ಅದನ್ನು ಮಗುವಿಗೆ ಕೊಡುವುದಕ್ಕಲ್ಲ, ನೀವು ಓದುವುದಕ್ಕೆ. ಪುಸ್ತಕ ಆರಿಸಲು ಸುಲಭದ ದಾರಿ ಕೊರೆಟಾ ಸ್ಕಾಟ್ ಕಿಂಗ್ ಪ್ರಶಸ್ತಿಯ ಪಟ್ಟಿ. ಮಕ್ಕಳಿಗಾಗಿ ಬರೆಯುವ ಕಪ್ಪು ಲೇಖಕರಿಗೂ ಚಿತ್ರಕಾರರಿಗೂ ಕೊಡುವ ಪ್ರಶಸ್ತಿ ಅದು, ಮೊದಲು ಕೊಟ್ಟದ್ದು 1970ರಲ್ಲಿ. ಚಿತ್ರಪುಸ್ತಕದ ಕೊನೆಯ ಪುಟದಲ್ಲಿ ಲೇಖಕರ ಟಿಪ್ಪಣಿ ಇದೆಯೇ ನೋಡಿ. ಯಾವುದು ದಾಖಲೆ, ಯಾವುದು ಕಲ್ಪನೆ ಎಂದು ಅಲ್ಲಿ ಒಪ್ಪಿಕೊಂಡವರನ್ನು ನಾನು ನಂಬುತ್ತೇನೆ.

ಶಾಲೆಯ ಟೀಚರ್ ಮೇಲೆ ಸಿಟ್ಟಾಗುವ ಮುನ್ನ ಅವರ ಕೈ ಎಷ್ಟು ಕಟ್ಟಿದೆ ಎಂದೂ ತಿಳಿದಿರಲಿ. 2021ರಿಂದ ಹಲವು ರಾಜ್ಯಗಳು ಜನಾಂಗದ ವಿಷಯವನ್ನು ಪಾಠದಲ್ಲಿ ಹೇಗೆ ಎತ್ತಬಹುದು ಎಂಬುದಕ್ಕೆ ಕಾನೂನಿನ ಮಿತಿ ಹಾಕಿವೆ. ಫ್ಲಾರಿಡಾ 1994ರಲ್ಲೇ ಆಫ್ರಿಕನ್ ಅಮೆರಿಕನ್ ಇತಿಹಾಸವನ್ನು ಕಡ್ಡಾಯ ಮಾಡಿದ ರಾಜ್ಯ. ಅದೇ ರಾಜ್ಯದ 2023ರ ಪಠ್ಯ ಮಾನದಂಡದಲ್ಲಿ, ಗುಲಾಮರು ಕಲಿತ ಕಸುಬುಗಳು ಕೆಲವೊಮ್ಮೆ ಅವರಿಗೇ ಉಪಯೋಗಕ್ಕೆ ಬಂದವು ಎಂಬರ್ಥದ ಸಾಲು ಸೇರಿ ಜಗಳವಾಯಿತು. ಟೀಚರಿಗೆ ಬಣ್ಣದ ಹಾಳೆ ಸುರಕ್ಷಿತ ಅನ್ನಿಸಿದರೆ ಆಶ್ಚರ್ಯವಿಲ್ಲ. ದೂರಿನ ಇಮೇಲ್ ಬದಲು ಆ ಬಸ್ಸಿನ ನಕ್ಷೆಯ ಲಿಂಕ್ ಕಳಿಸಿದೆ. ಥ್ಯಾಂಕ್ಸ್ ಎಂದು ಒಂದು ಸಾಲು ಬಂತು, ಮುಂದಿನ ವರ್ಷ ಚಿಕ್ಕ ಮಗನ ಗೆಳೆಯನೊಬ್ಬ ಅದೇ ನಕ್ಷೆಯ ಬಗ್ಗೆ ಹೇಳುತ್ತಿದ್ದ.

ಮನೆಯಲ್ಲಿ ಕನ್ನಡದಲ್ಲಿ ಹೇಳುವಾಗ ಪದಗಳು ಎಡವಿಸುತ್ತವೆ. ಗುಲಾಮಗಿರಿಗೆ "ಜೀತ" ಎಂದುಬಿಡುವುದು ಸುಲಭ, ಅಜ್ಜ ಅಜ್ಜಿಗೆ ತಟ್ಟನೆ ಅರ್ಥವಾಗುತ್ತದೆ. ಆದರೆ ಜೀತಕ್ಕೆ ಸಾಲದ ನೆಪವೊಂದಿರುತ್ತದೆ. ಇಲ್ಲಿ ಸಾಲವೂ ಇಲ್ಲ, ತೀರುವುದೂ ಇಲ್ಲ. ಮನುಷ್ಯನೇ ಆಸ್ತಿ, ಮಾರಬಹುದು, ಉಯಿಲಿನಲ್ಲಿ ಬರೆಯಬಹುದು. ಜೀತದಿಂದ ಶುರುಮಾಡಿ ಈ ವ್ಯತ್ಯಾಸ ಹೇಳಿ. "ಗುಲಾಮರು" ಎನ್ನುವುದಕ್ಕಿಂತ "ಗುಲಾಮರನ್ನಾಗಿ ಮಾಡಿದ್ದರು" ಎಂದರೆ ಮಗು ತಕ್ಷಣ "ಯಾರು?" ಎನ್ನುತ್ತದೆ, ಅದು ಒಳ್ಳೆಯದು. ಇನ್ನು "ಕರಿಯ". ನಮ್ಮಲ್ಲಿ ಪ್ರೀತಿಗೂ ಅದೇ, ಬೈಗುಳಕ್ಕೂ ಅದೇ, ನಾಯಿಗೂ ಅದೇ. ಊರಿಂದ ಬಂದ ಹಿರಿಯರು ಪಾರ್ಕಿನಲ್ಲಿ ಗಟ್ಟಿಯಾಗಿ "ಆ ಕರಿಯರ ಮಗು" ಎಂದಾಗ ಪಕ್ಕದಲ್ಲಿರುವ ಮಗು ಒಂದು ಇಡೀ ಫೆಬ್ರವರಿಯಲ್ಲಿ ಕಲಿತದ್ದಕ್ಕಿಂತ ಹೆಚ್ಚನ್ನು ಕಲಿಯುತ್ತದೆ. ಮನೆಯಲ್ಲಿ ಈ ಮಾತು ಎತ್ತಲು ನನಗೆ ಮೂರು ವರ್ಷ ಬೇಕಾಯಿತು. ಅತ್ತೆ ಒಂದೇ ನಿಮಿಷದಲ್ಲಿ ಒಪ್ಪಿಕೊಂಡು, "ಹಾಗಾದ್ರೆ ಏನನ್ನಬೇಕು ಹೇಳು" ಎಂದರು.

ನಮಗೂ ಈ ಇತಿಹಾಸಕ್ಕೂ ಏನು ಸಂಬಂಧ ಎಂದು ಮಗು ಕೇಳಿದರೆ ಎರಡು ತಾರೀಖು ಸಾಕು. ಕಪ್ಪು ಜನರ ಮತದ ಹಕ್ಕನ್ನು ಕಾಪಾಡುವ ಕಾನೂನಿಗೆ ಸಹಿ ಬಿದ್ದದ್ದು 1965ರ ಆಗಸ್ಟ್ 6. ಜನಾಂಗ, ದೇಶ ನೋಡಿ ವಲಸೆಗೆ ಅಳತೆ ಹಾಕುತ್ತಿದ್ದ ಕಾನೂನು ಬದಲಾದದ್ದು ಅದೇ ವರ್ಷದ ಅಕ್ಟೋಬರ್ 3. ಅದಕ್ಕೆ ಮೊದಲು ಭಾರತಕ್ಕಿದ್ದ ಕೋಟಾ ವರ್ಷಕ್ಕೆ 100 ಜನ. ಮಾಂಟ್ಗೊಮರಿಯಲ್ಲಿ ನಡೆದವರ ಚಪ್ಪಲಿ ಸವೆದದ್ದರಿಂದ ತೆರೆದ ಬಾಗಿಲಲ್ಲಿ ನಾವೂ ಬಂದವರು. ಇನ್ನೂ ಹಿಂದಕ್ಕೆ ಹೋಗುವ ಮಕ್ಕಳಿಗೆ, 1946ರಲ್ಲಿ ಅಂಬೇಡ್ಕರ್ ಅವರು ಇದೇ ಡುಬೋಯಿಸ್‌ಗೆ ಪತ್ರ ಬರೆದು, ಅಸ್ಪೃಶ್ಯರ ಸ್ಥಿತಿಗೂ ನಿಮ್ಮವರ ಸ್ಥಿತಿಗೂ ತುಂಬ ಹೋಲಿಕೆಯಿದೆ ಎಂದದ್ದನ್ನು ಹೇಳಿ.

ಫೆಬ್ರವರಿಯೇ ಯಾಕೆ ಎಂಬುದನ್ನು ಹೇಳಲೇ ಇಲ್ಲ. ಗುಲಾಮರಾಗಿದ್ದ ತಂದೆತಾಯಿಯ ಮಗ, ಕಲ್ಲಿದ್ದಲು ಗಣಿಯಲ್ಲಿ ದುಡಿದು 20ರ ವಯಸ್ಸಿಗೆ ಹೈಸ್ಕೂಲು ಸೇರಿ, 1912ರಲ್ಲಿ ಹಾರ್ವರ್ಡಿನಿಂದ ಡಾಕ್ಟರೇಟ್ ಪಡೆದ ಕಾರ್ಟರ್ ವುಡ್ಸನ್ 1926ರಲ್ಲಿ ಒಂದು ವಾರದ ಆಚರಣೆ ಶುರುಮಾಡಿದರು. ಲಿಂಕನ್ನರ ಹುಟ್ಟುಹಬ್ಬ ಫೆಬ್ರವರಿ 12, ಡಗ್ಲಸ್‌ರದು 14, ಜನ ಹೇಗೂ ಆಚರಿಸುತ್ತಿದ್ದ ದಿನಗಳು. ವಾರ ಬೆಳೆದು ತಿಂಗಳಾಗಿ 1976ರಲ್ಲಿ ಅಧ್ಯಕ್ಷ ಫೋರ್ಡ್ ಅದಕ್ಕೆ ಮನ್ನಣೆ ಕೊಟ್ಟರು. ಆ ವಾರ ಇಡೀ ವರ್ಷದ ಓದಿಗೆ ಒಂದು ನೆಪವಾಗಲಿ ಎಂಬುದು ವುಡ್ಸನ್ ಅವರ ಆಸೆಯಾಗಿತ್ತು.

ಅದಕ್ಕೇ ಕೊನೆಗೊಂದು ಉಪಾಯ. ಫೆಬ್ರವರಿಯಲ್ಲಿ ಲೈಬ್ರರಿಗೆ ಹೋದರೆ ಒಳ್ಳೆಯ ಪುಸ್ತಕಗಳಿಗೆಲ್ಲ ಹೋಲ್ಡ್ ಹಾಕಿದವರ ಸರತಿ ಇರುತ್ತದೆ. ಮಾರ್ಚ್ ಮೊದಲ ವಾರ ಹೋಗಿ. ಬಾಗಿಲ ಬಳಿಯ ಪ್ರದರ್ಶನದ ಮೇಜಿನಿಂದ ಅವನ್ನೆಲ್ಲ ಟ್ರಾಲಿಗೆ ಹಾಕಿ ಕಪಾಟಿಗೆ ವಾಪಸ್ ಒಯ್ಯುತ್ತಿರುತ್ತಾರೆ. ಟ್ರಾಲಿ ನಿಲ್ಲಿಸಿ ಕೇಳಿದರೆ ಸಾಕು, ನಮ್ಮೂರಿನ ಲೈಬ್ರೇರಿಯನ್ ಎರಡು ಚೀಲ ತುಂಬಿಸಿ ಕಳಿಸಿದರು.